ಕಪ್ಪಾಗಬೇಕಾದ ಆನೆ

೧೯೬೮ರ ಒಂದು ಮಧ್ಯಾಹ್ನ ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ತೂಕಡಿಸುತ್ತಿದ್ದ ಯಜ್ಞನಾರಾಯಣನಿಗೆ ಪಕ್ಕದ ಅಕ್ಕತಂಗಿಯರ ಮಾತು ಕನಸಿನೊಳಗಿಂದ ಬಂದಂತೆ ಕೇಳಿಸಿತು. ಇಬ್ಬರ ಮಡಿಲಲ್ಲೂ ಪುಸ್ತಕದ ಸಾಲು ಬೀಳದಂತೆ ಆಚೀಚೆ ಇಡುವ ಜೋಡಿಯ ಒಂದೊಂದು ಕಂಚಿನ ಆನೆ; ಅಕ್ಕನದು ಫಳಫಳ, ತಂಗಿಯದು ಕಪ್ಪು.

“ಎರಡರ ಅಡೀಲೂ ಒಂದೇ ನಂಬರಿದ್ರೂ ಹಳೇ ಸಾಮಾನಿನ ಅಂಗಡಿಯವ್ರು ಜೋಡಿಗೆ ಬೆಲೆಯಿಲ್ಲ ಅಂದ್ಬಿಟ್ರಲ್ಲೇ, ಜಲಜಾ!”

“ಬೆಲೆಯೆಲ್ಲ ಆ ಕಪ್ಪಲ್ಲೇ ಇತ್ತಂತೆ. ಹುಣಸೆಹಣ್ಣಲ್ಲಿ ಉಜ್ಜು ಅಂತ ನಿಂಗ್ಯಾರಕ್ಕಾ ಹೇಳಿದ್ದು?”

“ದೇವರ ಮುಂದಿಟ್ಟಿದ್ದನ್ನ ಶುಕ್ರವಾರ ಉಜ್ಜದೆ ಇರ್ತಾರಾ? ನೀನು ಸೋಮಾರಿ, ನಿಂದು ಉಳೀತು.”

“ನಿಂದೂ ಕೊಡು. ನಮ್ಮನೇಲಿ ತಾನಾಗೇ ಕಪ್ಪಾಗತ್ತೆ.”

“ಅಪ್ಪನ ಮೇಜಿನ ಮೇಲೆ ಕಪ್ಪಾಗೋಕೆ ಇಪ್ಪತ್ತು ವರ್ಷ ಹಿಡೀತು ಕಣೇ. ಅಲ್ಲೀವರೆಗೂ ನೋಡ್ದೆ ಇರ್ಲಾ?”

“ನೋಡೋಕೆ ಬಾ. ಪಾಲಾದ್ಮೇಲೆ ನಮ್ಮನೆ ಮೆಟ್ಟಿಲೇ ಹತ್ತಿಲ್ಲ ನೀನು. ಶುಕ್ರವಾರ ಶುಕ್ರವಾರ ಬಾ, ಹುಣಸೆಹಣ್ಣು ಮಾತ್ರ ತರ್ಬೇಡ.”

ಬಾಣಸವಾಡಿ ಬಸ್ಸು ಬಂತು. ಜಲಜಾ ಎರಡೂ ಆನೆಗಳನ್ನು ಅಪ್ಪಿಕೊಂಡು ಹತ್ತಿದಳು. ಹಲಸೂರಿಗೆ ಹೋಗಬೇಕಿದ್ದ ಅಕ್ಕನೂ ಫುಟ್‌ಬೋರ್ಡಿಗೆ ಕಾಲಿಟ್ಟಳು.

“ಇವತ್ತೂ ಶುಕ್ರವಾರಾನೇ ಅಲ್ವೇನೇ?”