ಸೀಲರ್ ಒಣಗುವವರೆಗೆ ಗೇಟಿನ ಮುಂದೆ ಕುಳಿತದ್ದರ ಬಗ್ಗೆ

ಹೆಸರು ಶಾಲಿನಿ, ಗಂಡ ನಿತ್ಯಾನಂದ, ವಯಸ್ಸು 54, ಬ್ಯಾಂಕ್ ಅಧಿಕಾರಿ, ಸ್ವಂತ ಊರು ಪುತ್ತೂರು, ಹಾಲಿ ವಾಸ ಕೇರಳದ ಆಲುವ ರೈಲು ನಿಲ್ದಾಣದ ಹಿಂದಿನ ಓಣಿ. ಪೊಲೀಸ್ ಠಾಣೆಯಲ್ಲಿರುವ ಕಾಸರಗೋಡಿನ ರತ್ನಾಕರ ಅವರು ಕನ್ನಡದಲ್ಲೇ ಬರೆದುಕೊಳ್ಳಲು ಒಪ್ಪಿದ್ದರಿಂದ, ಕೇಳಿದ್ದಕ್ಕೆ ಹೇಳಿ ಬರೆಯಿಸುವುದೇನೆಂದರೆ:

ನಮ್ಮ ಮನೆಗೂ ಪಕ್ಕದ ಅಲ್ವಿನ್ ಅವರ ಮನೆಗೂ ಗೇಟು ಒಂದೇ, ಒಳಗಿನ ಕಾಂಕ್ರೀಟ್ ದಾರಿಯೂ ಒಂದೇ. ಮಳೆ ಹಿಡಿದರೆ ಅದರ ಮೇಲೆ ಪಾಚಿ ಕಟ್ಟುತ್ತದೆ. ಕಳೆದ ತಿಂಗಳು ನನ್ನ ಗಂಡ ಹಾಲು ತರುವಾಗ ಅಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹಾಲಿನ ಪ್ಯಾಕೆಟ್ ಒಡೆದಿರಲಿಲ್ಲ. ಸೋಮವಾರ ಅವರು ಆಸ್ಪತ್ರೆಯಿಂದ ಬರುತ್ತಾರೆ. ಸ್ಟ್ರೆಚರ್‌ನಲ್ಲಿ ಒಳಗೆ ಕರೆತರುವ ಮಾತು ಬಂದಾಗ, ಹೊತ್ತು ತರಲಿಕ್ಕೆ ತಾನೇನು ಅಕ್ಕಿಮೂಟೆಯಾ, ಗೇಟಿನಿಂದ ವಾಕರ್ ಹಿಡಿದು ನಡೆದೇ ಬರುತ್ತೇನೆ ಎಂದಿದ್ದಾರೆ. ಅವರು ಇನ್ನೊಮ್ಮೆ ಬೀಳುವುದನ್ನು ನೋಡುವ ಧೈರ್ಯ ನನಗಿಲ್ಲ.

ಆದ್ದರಿಂದ ಅಶ್ರಫ್ ಎಂಬ ಕೆಲಸಗಾರರನ್ನು ಕರೆಸಿ, ಪಾಚಿ ಉಜ್ಜಿಸಿ, ಬಿರುಕು ತುಂಬಿಸಿ, ಇಂದು ಶನಿವಾರ ಬೆಳಿಗ್ಗೆ ಕಾಲು ಜಾರದ ಹಾಗೆ ಸಣ್ಣ ಮರಳು ಬೆರೆಸಿದ ಸೀಲರ್ ಎಂಬ ಲೇಪ ಹಚ್ಚಿಸಿದೆ. ನಾಳೆ ಸಂಜೆವರೆಗೆ ವಾಹನ ಹತ್ತಬಾರದು, ಹತ್ತಿದರೆ ಟೈರಿಗೆ ಅಂಟಿ ಎದ್ದು ಬರುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ಇದನ್ನು ಬುಧವಾರವೇ ಅಲ್ವಿನ್ ಅವರಿಗೆ ತಿಳಿಸಿದ್ದೆ. ಫೋನಿನಿಂದ ಕಣ್ಣು ತೆಗೆಯದೆ ಆಯಿತು ಎಂದಿದ್ದರು.

ಮಧ್ಯಾಹ್ನ ಒಂದು ಗಂಟೆಗೆ ಅವರು ಕಲೂರಿನಿಂದ ಹೊಸ ಕಾರಿನಲ್ಲಿ ಬಂದು ಹಾರ್ನ್ ಹೊಡೆದರು. ನಾನು ಗೇಟು ಮುಚ್ಚಿ ಹೊರಗೆ ಕುರ್ಚಿ ಹಾಕಿ ಕುಳಿತಿದ್ದೆ. ರಸ್ತೆಯಲ್ಲಿ ನಿಲ್ಲಿಸಿದರೆ ಕಾರಿಗೆ ಗೀರು ಬೀಳುತ್ತದೆ, ಒಂದು ದಾರಿಗೆ ಇಷ್ಟೆಲ್ಲ ನಾಟಕ ಬೇಡ ಚೇಚಿ ಎಂದರು. ಗೀರು ಉಜ್ಜಿದರೆ ಹೋಗುತ್ತದೆ, ನನ್ನ ಗಂಡನ ಸೊಂಟಕ್ಕೆ ಸ್ಟೀಲ್ ಹಾಕಿದ್ದಾರೆ ಎಂದೆ. ಛತ್ರಿಯಿಂದ ಹೊಡೆಯಲು ಹೋದೆನೆಂದು ಅವರ ದೂರಿನಲ್ಲಿರುವುದು ಸುಳ್ಳು. ಬಿಸಿಲಿತ್ತು, ಛತ್ರಿ ಬಿಚ್ಚಿ ಹಿಡಿದಿದ್ದೆ.

ಮೂರು ಗಂಟೆಗೆ ಪೊಲೀಸರು ಬಂದು ಠಾಣೆಗೆ ಕರೆದರು. ನಾನು ಎದ್ದರೆ ಕಾರು ಒಳಗೆ ಹೋಗುತ್ತದೆ, ಏಳುವುದಿಲ್ಲ ಎಂದೆ. ಆಗ ಅಲ್ವಿನ್ ಅವರ ತಾಯಿ, ಎಪ್ಪತ್ತೆಂಟು ವರ್ಷದ ಏಲಿಯಮ್ಮ, ದಾರಿಯ ಅಂಚಿನ ಮಣ್ಣಿನ ಮೇಲೆ ಗೋಡೆ ಹಿಡಿದು ಬಂದರು. ನನ್ನ ಗಂಡ ಬಿದ್ದ ಮೇಲೆ ಅವರು ಹೆದರಿ ಇಗರ್ಜಿಗೂ ಹೋಗಿರಲಿಲ್ಲ, ಗೇಟಿನವರೆಗೂ ಬಂದಿರಲಿಲ್ಲ. ನನ್ನ ಕೈಯಿಂದ ಛತ್ರಿ ತೆಗೆದುಕೊಂಡು, ಹೋಗಿ ಬಾ ಮೋಳೆ, ನಾನಿದ್ದೇನೆ ಎಂದು ಮಗಳಿಗೆ ಹೇಳುವಂತೆ ಹೇಳಿದರು. ನನಗೆ ಅಳು ಬಂತು. ಅದನ್ನೂ ಬರೆದುಕೊಳ್ಳಬಹುದು.

ಇನ್ನು ದಾರಿ ತಡೆಯುವುದಿಲ್ಲವೆಂದು ಬರೆದುಕೊಡಲು ಇಲ್ಲಿ ಹೇಳಿದರು. ಬರೆದುಕೊಡುವುದಿಲ್ಲ. ನಾಳೆ ಸಂಜೆ ನಾನೇ ಗೇಟು ತೆಗೆಯುತ್ತೇನೆ. ಈ ಹೊತ್ತಿನಲ್ಲಿ ದಾರಿ ತಡೆದು ಕುಳಿತಿರುವುದು ನಾನಲ್ಲ, ದೂರುದಾರರ ತಾಯಿ. ಅವರ ಮೇಲೂ ದೂರು ಉಂಟೋ ಎಂದು ಅವರ ಮಗನನ್ನೇ ಕೇಳಬೇಕು. ನಾಲ್ಕು ಗಂಟೆಗೆ ಏಲಿಯಮ್ಮನವರಿಗೆ ಚಹಾ ಆಗಬೇಕು, ನನ್ನನ್ನು ಬೇಗ ಬಿಡಬೇಕಾಗಿ ಕೋರಿಕೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಆಲುವ
ದಿನಾಂಕ: 24-08-2024
ಸಹಿ: ಶಾಲಿನಿ