ಉತ್ತರ ಕೊಡಬೇಡ

…ಹಾಗೆ ನೋಡ್ಬೇಡ ಸೂರಜಣ್ಣ, ಭೂತ ಕಂಡವರ ಹಾಗೆ. ನಾನೇ, ನಿನ್ನ ತಂಗಿ ರಮಿತಾ. ಭೂತ ಕಂಡದ್ದು ನಾನು ಮಾರಾಯ! ಬಾಗಿಲು ತೆಗೆದ್ರೆ ನೀನು ಈ ಕುರ್ಚಿಯಲ್ಲಿ ಕೂತು ಚಾದಲ್ಲಿ ಖಾರಿ ಬಿಸ್ಕೆಟ್ ಅದ್ದಿ ತಿಂತಾ ಇದ್ದಿ!

ಎಂತ ಆಯ್ತು ಅಂತಲಾ? ನೀನು ಸತ್ತಿದ್ದಿ ಅಂದ್ಕೊಂಡೆ. ಅದೇ ಆದದ್ದು.

ನಗು ಬರ್ತದಾ ನಿನಗೆ? ಇಲ್ವಾ… ನಕ್ಕ ಹಾಗೆ ಕಂಡಿತು.

ಇಷ್ಟು ದಿನ ನಿನಗೆ ಹೇಳ್ಲಿಲ್ಲ. ಬೆಳಿಗ್ಗೆ ಐರೋಳಿ ಆಫೀಸಿಗೆ ಮುಟ್ಟಿದ ಕೂಡಲೇ ನಾನು ನಿನ್ನ ಈ ಕಂಪ್ಯೂಟರಿಗೆ ಒಂದು ಪಿಂಗ್ ಕಳಿಸ್ತೇನೆ. 'ಇದ್ದೀಯಾ?' ಅಂತ ಕೇಳುವುದು. ಅದು 'ಇದ್ದೇನೆ' ಅಂತದೆ. ನೀನು ಎದ್ದು ಬಟನ್ ಒತ್ತದೆ ಇದು ಏಳುವುದಿಲ್ಲ. ಇದು ಎದ್ದಿದ್ರೆ ನೀನೂ ಎದ್ದಿದ್ದಿ. ಅಷ್ಟು ಸಾಕು ನನಗೆ, ಮತ್ತೆ ಕೆಲಸ ಶುರು ಮಾಡ್ತೇನೆ. ಬೇರೆ ಎಂತ ಮಾಡ್ಲಿ? ಪ್ರಣೀತ ಅತ್ತಿಗೆ ಮುಂಬ್ರಾದ ಹತ್ತಿರ ಲೋಕಲ್ ಟ್ರೈನಿಂದ ಬಿದ್ದು ತೀರಿಹೋದ ಮೇಲೆ ನೀನು ಒಂದು ಸಲ ಫೋನ್ ಎತ್ತಿದ್ದುಂಟಾ? ಈ ಬಿಲ್ಡಿಂಗ್ ಸೊಸೈಟಿಯ ಗೇಟು ದಾಟಿದ್ದುಂಟಾ? ಇವರನ್ನು ತುಂಬ ಹೊತ್ತು ಒಬ್ಬರೇ ಬಿಡ್ಬೇಡಿ ಅಂತ ಡಾಕ್ಟರು ನಿನ್ನೆದುರೇ ಹೇಳಿದ್ದಲ್ವಾ? ಬಿಡದೆ… ನಾನು ಕೆಲಸ ಬಿಡ್ಲಾ?

ಇವತ್ತು ಉತ್ತರ ಬರ್ಲಿಲ್ಲ. ಮತ್ತೆ ಕೇಳಿದೆ. ಇಲ್ಲ. ಮತ್ತೆ… ಇಲ್ಲ, ಇಲ್ಲ!

ಆದ್ರೆ ಇದು ಚಾಲೂ ಉಂಟಲ್ಲ? ಸ್ವಲ್ಪ ಆಚೆ ಸರಿ, ನೋಡ್ತೇನೆ. ಸಿಸ್‌ಕಂಟ್ರೋಲ್ ಅಂತ ಟೈಪ್ ಮಾಡ್ತೇನೆ… ಈ ಕಮಾಂಡ್ ಕಲಿಸಿದ್ದು ನೀನೇ. ಕರ್ನೆಲ್ ಅಂದ್ರೆ ಮಷೀನಿನ ಹೊಟ್ಟೆಯೊಳಗೆ ಕೂತ ಯಜಮಾನ. ಅವನ ಅಭ್ಯಾಸ ಎಂತದ್ದು ಅಂತ ಹೀಗೆ ಕೇಳಿ ನೋಡ್ಬಹುದು, ಬೇಕಾದ್ರೆ ಬದಲಿಸ್ಬಹುದು ಅಂತ. ಹಾಂ, ಇಲ್ಲಿ. ಪಿಂಗ್ ಬಂದ್ರೆ ಅಲಕ್ಷ್ಯ ಮಾಡ್ಬೇಕಾ… ಒಂದು, ಅಂದ್ರೆ ಹೌದು! ಸೊನ್ನೆ ಇರ್ಬೇಕಾದಲ್ಲಿ ಒಂದು!

ಅಣ್ಣ, ಇದು ತನ್ನಷ್ಟಕ್ಕೆ ಒಂದು ಆಗುವುದಿಲ್ಲ. ಯಾರು ಕರೆದ್ರೂ ಕೇಳಿಸ್ಕೋ, ಉತ್ತರ ಮಾತ್ರ ಕೊಡ್ಬೇಡ… ಹಾಗೆ ಹೇಳಿಟ್ಟದ್ದು ನೀನು.

ಕೈತಪ್ಪಿ ಆಯ್ತಾ? ಸುಮ್ಮನೆ ಬದಲಿಸಿದ್ದಾದ್ರೆ ಬಂದ್ ಮಾಡಿ ಚಾಲೂ ಮಾಡಿದಾಗ ಮರೆತುಬಿಡ್ತದೆ. ತಾಳು, ಫೈಲ್ ತೆರೀತೇನೆ… ಇಲ್ಲೂ ಬರೆದಿದ್ದಿ. ಯಾವಾಗ ಎದ್ರೂ ಹೀಗೇ ಇರು ಅಂತ.

ನಾನು ಕೇಳುವುದು ಗೊತ್ತಿತ್ತಾ ನಿನಗೆ?

ಬೇಡ, ಹೇಳ್ಬೇಡ. ಸೊನ್ನೆ ಮಾಡ್ತೇನೆ. ಪಾಸ್‌ವರ್ಡ್ ಕೇಳ್ತದೆ. ಎಂತ ಅದು?… ಹೇಳುದಿಲ್ವಾ? ಅತ್ತಿಗೆಯ ಹೆಸರು ಹಾಕ್ತೇನೆ. ಒತ್ತಿದ ಅಕ್ಷರ ಸ್ಕ್ರೀನಿನಲ್ಲಿ ಕಾಣುವುದೇ ಇಲ್ಲ ನೋಡು… ತಗೊಂಡಿತು. ದೇವರೇ. ಇನ್ನೂ ಅವಳದ್ದೇ. ಸರಿ. ಸೊನ್ನೆ. ಫೈಲಿನಲ್ಲೂ ಸೊನ್ನೆ. ಆಯ್ತು. ಇನ್ನೊಮ್ಮೆ ಹೀಗೆ ಮಾಡ್ಬೇಡ, ಕೈಮುಗೀತೇನೆ.

ಎಂತ? ಗಡಿಯಾರ ಯಾಕೆ ನೋಡ್ತಿ? ಸಂಜೆ ಆಯ್ತು ಅಂತಲಾ?

ಹೌದು, ಬೆಳಿಗ್ಗೆಯೇ ಹೊರಟೆ. ಬೆಳಿಗ್ಗೆಯೇ! ಬ್ಯಾಗ್ ತಗೊಂಡು ಓಡಿದೆ. ಹಳಿ ರಿಪೇರಿ, ಮೆಗಾಬ್ಲಾಕ್ ಇತ್ತು ಮಾರಾಯ… ಇಲ್ಲ, ಅದು ಭಾನುವಾರ ಮಾತ್ರ, ಇವತ್ತು ಭಾನುವಾರ ಅಲ್ಲ. ಸಿಗ್ನಲ್. ಸಿಗ್ನಲ್ ಫೇಲ್ ಆಗಿತ್ತು. ಮತ್ತೆ ಗರ್ದಿ, ಡಬ್ಬಿಯೊಳಗೆ ಕಾಲಿಡ್ಲಿಕ್ಕೆ ಜಾಗ ಇಲ್ಲ…

ಪಕ್ಕದ ಮನೆ ಅಕ್ಕುವಿಗೆ ಫೋನ್ ಮಾಡ್ಬಹುದಿತ್ತು. ಗೊತ್ತುಂಟು. ನಮ್ಮ ಮನೆ ಕೀ ಅವಳ ಹತ್ರ ಉಂಟು, ಅದೂ ಗೊತ್ತುಂಟು. ರೇಂಜ್ ಇರ್ಲಿಲ್ಲ… ಅವಳು ಮನೆಯಲ್ಲಿ ಇರ್ತಾಳೋ ಇಲ್ವೋ…

ಏನಾದ್ರೂ ಕೇಳು ಅಣ್ಣ.

ಸಿಗ್ನಲ್ ಸರಿ ಇತ್ತು.

ಗಾಡಿ ಬದಲಿಸ್ಲಿಕ್ಕೆ ಠಾಣೆ ಸ್ಟೇಷನಿನಲ್ಲಿ ಇಳಿದೆ. ನಮ್ಮ ಡೊಂಬಿವ್ಲಿಗೆ ಬರುವ ಗಾಡಿ ಬಂತು, ಹತ್ಲಿಲ್ಲ. ಇನ್ನೊಂದು ಬಂತು. ಮತ್ತೆ ಲೆಕ್ಕ ಇಡ್ಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತೆ. ನಾನು ಹೋಗಿ ಬಾಗಿಲು ತೆಗೆಯುವವರೆಗೆ ಅದು ಆಗಿಲ್ಲ ಅಂತ… ಅಲ್ಲ, ಅದೂ ಸುಳ್ಳು. ಆಗಿದೆ ಅಂತಲೇ ಇತ್ತು ನನ್ನ ಮನಸ್ಸಿನಲ್ಲಿ. ಮುಗೀತು ಅಂತ. ಈಗ ಅಳು ಬರ್ತದೆ, ಈಗ ಬರ್ತದೆ ಅಂತ ಕಾದೆ.

ಬಂದದ್ದು ನಿದ್ದೆ.

ಮಲಗಿಬಿಟ್ಟೆ ಅಣ್ಣ. ಆ ಗದ್ದಲದಲ್ಲಿ, ಬ್ಯಾಗ್ ತಬ್ಬಿಕೊಂಡು, ಬಾಯಿ ಬಿಟ್ಟು. ಯಾರೋ ಒಬ್ಬಳು ಮೀನು ಮಾರುವ ಹೆಂಗಸು ಭುಜ ಮುಟ್ಟಿ ಎಬ್ಬಿಸಿದಾಗ ಬಿಸಿಲು ಇಳಿದಿತ್ತು. ಅತ್ತಿಗೆ ಹೋದ ಮೇಲೆ ಅಂಥ ನಿದ್ದೆ ನನಗೆ ಬಂದೇ ಇರ್ಲಿಲ್ಲ. ಎದ್ದೆ. ಹಸಿವೆ ಆಗ್ತಿತ್ತು. ವಡಾಪಾವ್ ತಿಂದೆ. ರುಚಿ ಇತ್ತು…

ಬೈ. ಹೊಡಿ ಬೇಕಾದ್ರೆ.

ಆಶ್ಚರ್ಯವೇ ಆಗ್ಲಿಲ್ಲ ನಿನಗೆ, ನಾನು ಓಡಿ ಬರುವುದಿಲ್ಲ ಅಂತ ಮೊದಲೇ ಗೊತ್ತಿದ್ದವನ ಹಾಗೆ.

ಸೂರಜಣ್ಣ… ಯಾಕೆ ಆಗ್ಲಿಲ್ಲ?