‘ಅರ್ತ್ ಆಯ್ತಾ’ ಎಂದು ನಾನು ಕೇಳಿದ್ದರ ಹೇಳಿಕೆ

ನಾನು, ಬಸ್ ಡಿಪೋ ಹಿಂದಿನ ಬೀದಿಯಲ್ಲಿ ಫ್ಯೂಸಜ್ಜ ಎಂದು ಕೇಳಿದರೆ ಯಾರಾದರೂ ತೋರಿಸುವ ಮನುಷ್ಯ, ವಯಸ್ಸು 71, ಓದು ನಾಲ್ಕನೇ ಕ್ಲಾಸು, ಕಸುಬು ಗಾಡಿಗಳ ವೈರಿಂಗ್, ವಾಸ ಅದೇ ಬೀದಿಯಲ್ಲಿ ನನ್ನ ಅಂಗಡಿಯ ಮೇಲಿನ ಕೋಣೆ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ಸೋಮವಾರ ಬೆಳಿಗ್ಗೆ ಸುಮಾರು ಆರೂವರೆಗೆ ಕೋಲ್ಡ್ ಸ್ಟೋರೇಜ್ ತಿರುವಿನಲ್ಲಿ ಪೇಪರ್ ಹಾಕುವವರ ಸೈಕಲ್ಲಿಗೆ ಗುದ್ದಿದ ಪಿಕಪ್ ಗಾಡಿಯನ್ನು ಓಡಿಸುತ್ತಿದ್ದವಳು ನನ್ನ ಸೊಸೆ. ಗಾಡಿ ನನ್ನ ಮಗನದು. ಅವನು ಕಾಯಿಲೆಯಿಂದ ತೀರಿಕೊಂಡು ಮೂರು ವರ್ಷವಾಯಿತು. ಅಂದಿನಿಂದ ಆಕೆಯೇ ಅದರಲ್ಲಿ ಮೊಟ್ಟೆ ಸಾಗಿಸುತ್ತಾಳೆ. ತನ್ನ ಅಜಾಗರೂಕತೆಯಿಂದಲೇ ಹೀಗಾಯಿತು ಎಂದು ಆಕೆ ನಿಮಗೆ ಬರೆದುಕೊಟ್ಟಿದ್ದಾಳೆ. ಅದು ಸುಳ್ಳು. ಆ ಸುಳ್ಳನ್ನು ನಂಬಿ ನೀವು ಆಕೆಯ ಲೈಸೆನ್ಸ್ ಇಟ್ಟುಕೊಂಡಿದ್ದೀರಿ. ಅದು ಹೋದರೆ ಆಕೆಯ ಅನ್ನ ಹೋಯಿತು. ನಾನು ಬಂದಿರುವುದು ಅದಕ್ಕೆ.

ಮೊದಲು ವೇಗದ ಮಾತು. ಮೊಟ್ಟೆ ಅಂಗಡಿಯ ಸಾಹುಕಾರ ಇದೇ ಠಾಣೆಯ ಮೆಟ್ಟಿಲ ಮೇಲೆ ನಿಂತು, “ಹೆಂಗಸರ ಕೈಗೆ ಸ್ಟೇರಿಂಗ್ ಕೊಟ್ರೆ ಇನ್ನೇನಾಗುತ್ತೆ” ಎಂದದ್ದನ್ನು ನಾನು ಕಿವಿಯಾರೆ ಕೇಳಿದೆ. ಗಾಡಿಯ ತುಂಬಾ ಆತನದೇ ಮೊಟ್ಟೆ ಇತ್ತು. ಒಂದು ಟ್ರೇ ಬಿಟ್ಟರೆ ಯಾವುದೂ ಒಡೆದಿಲ್ಲ. ಜೋರಾಗಿ ಬಂದು ಬ್ರೇಕ್ ಹಾಕಿದ್ದರೆ ರಸ್ತೆಯೇ ಆಮ್ಲೆಟ್ ಆಗಿರುತ್ತಿತ್ತು. ಇದನ್ನು ಆತನ ಮುಖಕ್ಕೇ ಹೇಳಿದೆ. ಮಿಕ್ಕಿದ್ದು ಬರೆಸುವಂಥದ್ದಲ್ಲ.

ಇನ್ನು ದೀಪದ ಮಾತು. ಈ ತಿಂಗಳು ಮಂಜು ಕವಿಯುತ್ತದೆ. ಮಂಜಿನಲ್ಲಿ ಹೆಡ್‌ಲೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಕಟ್ಟಿದಂತೆ ಆಗುತ್ತದೆ. ರಸ್ತೆಯ ಅಂಚು ಕಾಣಬೇಕೆಂದರೆ ಬಂಪರ್ ಹತ್ತಿರ ಹಳದಿ ದೀಪ ಬೇಕು. ಆಕೆ ಒಂದು ಜೊತೆ ತಂದಿದ್ದಳು. ಆದರೆ ನನ್ನ ಬಲಗಣ್ಣಿನ ಪೊರೆ ತೆಗೆಸಿ ಎರಡು ವಾರವೂ ಆಗಿರಲಿಲ್ಲ. ಡಾಕ್ಟರು ಬಗ್ಗಬೇಡಿ, ಧೂಳಿಗೆ ಹೋಗಬೇಡಿ ಎಂದಿದ್ದರು. ನಮ್ಮ ಕಸುಬೇ ಬಗ್ಗುವುದು ಮತ್ತು ಧೂಳು. “ಬೇರೆಯವರ ಹತ್ರ ಹಾಕಿಸ್ಲಾ ಮಾವ?” ಎಂದು ಆಕೆ ಕೇಳಿದಳು. “ಅವರು ಹಾರ್ನ್ ವೈರಿಗೆ ಗಂಟು ಹಾಕಿ ಕಳಿಸ್ತಾರೆ, ದಾರೀಲಿ ಗಾಡಿ ಹೊತ್ಕೊಂಡು ಉರಿಯುತ್ತೆ, ಹೋಗು” ಎಂದೆ. ನಾನು ಹೇಳುತ್ತಾ ಹೋಗುವುದು, ಆಕೆ ಮಾಡುತ್ತಾ ಹೋಗುವುದು ಎಂದು ತೀರ್ಮಾನವಾಯಿತು.

ಭಾನುವಾರ ಮಧ್ಯಾಹ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿದಳು. ನಾನು ಮೇಲೆ ಕಿಟಕಿಯಲ್ಲಿ, ಆಕೆ ಕೆಳಗೆ ಎತ್ತಿದ ಬಾನೆಟ್ ಹಿಂದೆ. ನನಗೆ ಬಾನೆಟ್ ಕಾಣುತ್ತಿತ್ತು, ಆಕೆ ಕಾಣುತ್ತಿರಲಿಲ್ಲ. ಇಬ್ಬರ ಕಿವಿಗೂ ಫೋನು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಸಿದೆ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಹಾಕಿಸಿದೆ. ದೀಪದ ಕರೆಂಟು ಸ್ವಿಚ್ಚಿನ ಮೂಲಕ ಓಡಬಾರದೆಂದು ನಡುವೆ ರಿಲೇ ಹಾಕಿಸಿದೆ. ವೈರ್ ತಗಡು ದಾಟುವ ಕಡೆ ರಬ್ಬರ್ ಬಳೆ ತೊಡಿಸಿದೆ. ಎಲ್ಲವನ್ನೂ ಆಕೆ ಅಚ್ಚುಕಟ್ಟಾಗಿ ಮಾಡಿದಳು. ಎರಡು ಸಲ ಮತ್ತೆ ಕೇಳಿದಳು. ಎರಡು ಸಲವೂ ನಾನು, “ಕಿವಿ ಮನೇಲಿ ಬಿಟ್ಟು ಬಂದಿದ್ದೀಯಾ?” ಎಂದೆ. ಮೂರನೇ ಸಲ ಕೇಳಲಿಲ್ಲ.

ಎರಡೂ ದೀಪಕ್ಕೆ ಸೇರಿದ ಕಪ್ಪು ವೈರನ್ನು ಆಮೇಲೆ ನೋಡೋಣ, ಸದ್ಯಕ್ಕೆ ಬಂಪರ್ ಬೋಲ್ಟಿಗೆ ಸಿಕ್ಕಿಸಿಡು ಎಂದಿದ್ದೆ. ಆ ವೈರನ್ನು ಪೇಂಟ್ ಕೆರೆದ ಬರಿ ಕಬ್ಬಿಣಕ್ಕೆ, ಚಾಸಿಗೆ, ಬಿಗಿಯಾಗಿ ಕೂರಿಸಬೇಕು. ಇಲ್ಲದಿದ್ದರೆ ದೀಪ ಹತ್ತಿದರೂ ಅಲುಗಾಟಕ್ಕೆ ಆರಿಹೋಗುತ್ತದೆ. ಇದಕ್ಕೆ ನಾವು ಅರ್ತ್ ಕೊಡುವುದು ಎನ್ನುತ್ತೇವೆ. ಓದಿದವರು ಎರ್ತ್ ಎನ್ನುತ್ತಾರಂತೆ. ನನ್ನ ಬಾಯಿಗೆ ಬರುವುದು ಅರ್ತ್.

ಕೊನೆಗೆ ನಾನು, “ಅರ್ತ್ ಆಯ್ತಾ?” ಎಂದೆ. ಆಗ ಡಿಪೋದಲ್ಲಿ ಬಸ್ಸೊಂದು ಸ್ಟಾರ್ಟ್ ಆಯಿತು. ಆಕೆ, “ಆಯ್ತು ಮಾವ” ಎಂದಳು. ದೀಪ ಹತ್ತಿದ್ದು ಬಾನೆಟ್ ಆಚೆಯ ಗೋಡೆಯ ಮೇಲೆ ಕಂಡಿತು. ಫೋನ್ ಇಟ್ಟೆ.

ಮಾರನೇ ಬೆಳಿಗ್ಗೆ ಆ ತಿರುವಿನಲ್ಲಿ ಎರಡೂ ದೀಪ ಒಟ್ಟಿಗೆ ಆರಿದವು. ಪೇಪರಿನವರನ್ನು ಆಸ್ಪತ್ರೆಗೆ ಹೋಗಿ ನೋಡಿದೆ. ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. “ಎರಡು ಹಳದಿ ಕಣ್ಣು ಮೆಲ್ಲಗೆ ಬರ್ತಾ ಇದ್ವು, ಪಕ್ ಅಂತ ಮುಚ್ಕೊಂಡ್ವು” ಎಂದು ಅವರೇ ಹೇಳಿದರು. ಅವರನ್ನೂ ಕೇಳಿ.

ಬುಧವಾರ ನಿಮ್ಮ ಅಂಗಳದಲ್ಲಿ ನಿಂತಿರುವ ಗಾಡಿಯನ್ನು ಒಂದೇ ಕಣ್ಣಲ್ಲಿ ನೋಡಿದೆ. ಫ್ಯೂಸ್ ಹಾರಿಲ್ಲ. ಕಪ್ಪು ವೈರ್ ಪೇಂಟ್ ಕೆರೆಯದ ಬೋಲ್ಟಿನ ಕೆಳಗಿಂದ ಜಾರಿ ನೇತಾಡುತ್ತಿದೆ. ಅಲ್ಲೇ ನಿಂತು ಆಕೆಗೆ ಫೋನ್ ಮಾಡಿ, ಅರ್ತ್ ಆಯಿತು ಎಂದು ಯಾಕೆ ಸುಳ್ಳು ಹೇಳಿದೆ ಎಂದು ಕೂಗಾಡಿದೆ. ಆಕೆ, “ನೀವು ಅರ್ಥ ಆಯ್ತಾ ಅಂತ ಕೇಳಿದ್ರಿ ಮಾವ. ಆಯ್ತು ಅಂದೆ. ಕಪ್ಪು ವೈರ್ ಹಾಗೇ ಇದೆಯಲ್ಲ ಅಂತ ಕೇಳೋಣ ಅನ್ನಿಸ್ತು. ಮತ್ತೆ ಬೈಸ್ಕೋಬೇಕಲ್ಲ ಅಂತ ಬಿಟ್ಟೆ” ಎಂದಳು. ನಿಮಗೆ ಬರೆದುಕೊಟ್ಟಿದ್ದರಲ್ಲಿ ನನ್ನ ಮಾತು ಎಲ್ಲೂ ಎತ್ತದೆ ತಪ್ಪನ್ನು ಮೈಮೇಲೆ ಹಾಕಿಕೊಂಡಿದ್ದಾಳೆ. ಮಧ್ಯೆ ಇದ್ದದ್ದು ಒಂದು ಮಹಡಿ ಮೆಟ್ಟಿಲು. ಹತ್ತಿ ಬಂದು ಕೇಳಬಹುದಿತ್ತು. ಆಕೆ ಹತ್ತಲಿಲ್ಲ, ನಾನೂ ಇಳಿಯಲಿಲ್ಲ.

ಆಪರೇಷನ್ ಆದಾಗಿನಿಂದ ಆಕೆಯೇ ದಿನಾ ಬಂದು ನನ್ನ ಕಣ್ಣಿಗೆ ಔಷಧಿ ಬಿಡುತ್ತಿದ್ದಳು. ಸೋಮವಾರದಿಂದ ಬಂದಿಲ್ಲ. ನಾನೇ ಬಿಟ್ಟುಕೊಳ್ಳುತ್ತೇನೆ. ಅರ್ಧ ಕೆನ್ನೆಗೆ ಹೋಗುತ್ತದೆ. ಇದು ಕೇಸಿಗೆ ಬೇಡ ಎನ್ನುವುದಾದರೆ ಹೊಡೆದುಹಾಕಿ.

ದೀಪ ಆರಿದ್ದು ಆಕೆಯ ಅಜಾಗರೂಕತೆಯಿಂದ ಅಲ್ಲ. ಕೆಲಸ ಮಾಡಿಸಿದವನು ನಾನು. ಕೇಸ್ ಹಾಕುವುದಿದ್ದರೆ ನನ್ನ ಮೇಲೆ ಹಾಕಿ, ಲೈಸೆನ್ಸ್ ಆಕೆಗೆ ಕೊಡಿ.

ಬರೆದುಕೊಂಡ ಪೊಲೀಸಿನವರು ಇದನ್ನೆಲ್ಲ ನನಗೆ ಓದಿ ಹೇಳಿದರು. ಅರ್ತ್ ಎಂದು ನಾನು ಹೇಳಿದ ಕಡೆಯಲ್ಲೆಲ್ಲ ಅವರು ಅರ್ಥ ಎಂದೇ ಬರೆದಿದ್ದರು. ‘ಇದಕ್ಕೆ ನಾವು ಅರ್ಥ ಕೊಡುವುದು ಎನ್ನುತ್ತೇವೆ’ ಎಂದೂ ಬರೆದಿದ್ದರು. ಎದುರಿಗೇ ಕೂತು ಕೇಳಿಸಿಕೊಂಡವರು. ಇದೇನ್ರೀ ಎಂದೆ. “ಅನುಮಾನ ಬಂತು ಅಜ್ಜ. ಕೇಳಿದ್ರೆ ಬೈತೀರಿ ಅಂತ ಸುಮ್ನೆ ಬರ್ಕೊಂಡೆ” ಎಂದರು. ನಾನು ಬೈಯಲಿಲ್ಲ. ಈ ಮಾತನ್ನೂ ಸೇರಿಸಿ ಎಂದೆ, ಸೇರಿಸಿದ್ದಾರೆ. ತಪ್ಪಿದ್ದ ಕಡೆಯಲ್ಲೆಲ್ಲ ತಿದ್ದಿದ್ದಾರೆ. ಇನ್ನೊಮ್ಮೆ ಓದಿಸಿ ಕೇಳಿದೆ. ಈಗ ನಾನು ಹೇಳಿದ್ದೂ ಇಲ್ಲಿರುವುದೂ ಒಂದೇ.

ಮತ್ತೇನಾದರೂ ಕೇಳುವುದಿದ್ದರೆ ನಾನು ಸೊಸೆಯ ಮನೆಯಲ್ಲಿ ಸಿಗುತ್ತೇನೆ. ಆಕೆ ಬಾಗಿಲು ತೆಗೆಯದಿದ್ದರೆ ಅಂಗಡಿ ಮೇಲೆ.

ಸ್ಥಳ: ಠಾಣೆ
ದಿನ: ಗುರುವಾರ
ಸಹಿ: (ಫ್ಯೂಸಜ್ಜ)